ಮಗಳ ಹೃದಯ ಬಲಗಡೆ ಇದೆ, ಕೆಮ್ಮು ಬಿಡುತ್ತಿಲ್ಲ: ಎರಡಕ್ಕೂ ಏನು ಸಂಬಂಧ?

ಪ್ರಶ್ನೆ: ನನ್ನ ಮಗಳಿಗೆ ಈಗ ಆರು ವರ್ಷ. ತಿಂಗಳು ತುಂಬಿಯೇ ಹುಟ್ಟಿದಳು, ತೂಕವೂ ಚೆನ್ನಾಗಿತ್ತು. ಆದರೆ ಮಾರನೇ ದಿನವೇ ಉಸಿರಾಟಕ್ಕೆ ಕಷ್ಟವಾಗಿ ಐದು ದಿನ ಆಕ್ಸಿಜನ್ ಕೊಟ್ಟರು. ಅಂದಿನಿಂದ ಮೂಗು ಸೋರುವುದು ನಿಂತಿಲ್ಲ. ಕಫದ ಕೆಮ್ಮು ವರ್ಷವಿಡೀ ಇರುತ್ತದೆ. ಕಿವಿಯಲ್ಲಿ ನೀರು ತುಂಬಿ ಸರಿಯಾಗಿ ಕೇಳಿಸುವುದಿಲ್ಲ. ಅಸ್ತಮಾ ಎಂದು ಮೂರು ವರ್ಷ ಔಷಧಿ ಆಯಿತು. ಹೋದ ತಿಂಗಳು ಎಕ್ಸ್‌ರೇಯಲ್ಲಿ ಅವಳ ಹೃದಯ ಬಲಗಡೆ ಇರುವುದು ಗೊತ್ತಾಯಿತು. ಸ್ಕ್ಯಾನ್ ಮಾಡಿದರೆ ಲಿವರ್ ಎಡಕ್ಕಿದೆ. ಹುಟ್ಟಿದಾಗಿನ ಫಿಲ್ಮ್ ಅನ್ನು ಯಾರೋ ತಿರುಗಿಸಿ ನೋಡಿರಬೇಕು ಎನ್ನುತ್ತಾರೆ. ಜೀನ್ ಪರೀಕ್ಷೆಯಲ್ಲಿ ಡಿಎನ್‌ಎಎಚ್5 ಎಂಬ ಜೀನ್‌ನಲ್ಲಿ ಎರಡು ಬದಲಾವಣೆ ಸಿಕ್ಕಿವೆ. ಒಂದು ‘ರೋಗಕಾರಕ’, ಇನ್ನೊಂದರ ‘ಅರ್ಥ ಖಚಿತವಿಲ್ಲ’ ಎಂದು ಬರೆದಿದ್ದಾರೆ. ಬಸುರಿಯಾಗಿದ್ದಾಗ ನಾನು ಬಲಮಗ್ಗುಲಿಗೆ ಮಲಗಿದ್ದಕ್ಕೆ ಹೀಗಾಯಿತಾ? ಶೀತಕ್ಕೆ ತೆಗೆದುಕೊಂಡ ಮಾತ್ರೆಯಿಂದಲಾ? ಹೃದಯಕ್ಕೆ ಆಪರೇಷನ್ ಬೇಕಾ? ಕೆಮ್ಮು ವಾಸಿಯಾಗುತ್ತದಾ? ಇನ್ನೊಂದು ಮಗು ಮಾಡಿಕೊಳ್ಳಲು ಭಯವಾಗುತ್ತಿದೆ. ಮಗಳು ಎದೆ ಮುಟ್ಟಿಕೊಂಡು ‘ನಂದು ಯಾಕೆ ಈ ಕಡೆ?’ ಎಂದು ಕೇಳಿದರೆ ನನಗೆ ಮಾತೇ ಬರುವುದಿಲ್ಲ.

ಉತ್ತರ: ಮೊದಲಿಗೆ ಒಂದು ಮಾತು. ನೀವು ಯಾವ ಕಡೆ ಮಲಗಿದರೂ ಮಗುವಿನ ಹೃದಯ ಜಾಗ ಬದಲಿಸುವುದಿಲ್ಲ. ಆ ಮಾತ್ರೆಯಿಂದಲೂ ಇದು ಆಗಿಲ್ಲ. ಎಡ–ಬಲದ ತೀರ್ಮಾನ ಆಗುವುದು ಗರ್ಭ ನಿಂತ ಮೂರನೇ ವಾರದ ಸುಮಾರಿಗೆ. ಮುಟ್ಟು ಒಂದೆರಡು ದಿನ ತಡವಾಯಿತಲ್ಲ ಎಂದು ನೀವು ಲೆಕ್ಕ ಹಾಕುತ್ತಿದ್ದ ಹೊತ್ತು ಅದು. ಭ್ರೂಣ ಆಗ ಒಂದೆರಡು ಮಿಲಿಮೀಟರ್ ಉದ್ದ ಇರುತ್ತದೆ, ಅಷ್ಟೇ. ಹೊತ್ತುಕೊಂಡು ಬಂದ ಈ ಅಪರಾಧಭಾವವನ್ನು ದಯವಿಟ್ಟು ಇಲ್ಲೇ ಇಳಿಸಿಬಿಡಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಹೃದಯದ ಭಯ ಜಾಸ್ತಿ, ಕೆಮ್ಮಿನ ಭಯ ಕಡಿಮೆ. ನನ್ನ ಲೆಕ್ಕದಲ್ಲಿ ಅದು ತಿರುವುಮುರುವಾಗಬೇಕು. ಹೃದಯ, ಲಿವರ್, ಹೊಟ್ಟೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ಅದಲುಬದಲಾಗಿದ್ದರೆ, ಅದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದನ್ನು ‘ಸರಿಪಡಿಸುವ’ ಆಪರೇಷನ್ ಇಲ್ಲ, ಅದರ ಅಗತ್ಯವೂ ಇಲ್ಲ. ಕಾಳಜಿ ಬೇಕಾಗಿರುವುದು ಅವಳ ಶ್ವಾಸಕೋಶಕ್ಕೆ.

ಎರಡಕ್ಕೂ ಸಂಬಂಧ ಇದೆಯಾ ಎಂದರೆ, ಇದೆ. ಅದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಮೂಗು, ಶ್ವಾಸನಾಳ, ಕಿವಿಯ ಒಳನಾಳದ ಗೋಡೆಗಳ ಮೇಲೆ ಕೂದಲಿನಂಥ ಎಳೆಗಳಿವೆ. ಪಠ್ಯಪುಸ್ತಕದಲ್ಲಿ ಇವಕ್ಕೆ ಲೋಮಾಂಗ ಎನ್ನುತ್ತಾರೆ. ನಾವು ಡಾಕ್ಟರುಗಳು ಸಿಲಿಯಾ ಎಂದೇ ಕರೆಯುತ್ತೇವೆ. ಒಂದೊಂದು ಜೀವಕೋಶದ ಮೇಲೂ ಸುಮಾರು 200 ಎಳೆಗಳು. ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಗಿಡ್ಡ. ಸೆಕೆಂಡಿಗೆ ಹತ್ತು–ಹದಿನೈದು ಸಲ ಬೀಸುತ್ತವೆ. ಧೂಳು, ರೋಗಾಣು ಅಂಟಿಕೊಂಡ ಕಫವನ್ನು ಗಂಟಲಿನ ಕಡೆಗೆ ತಳ್ಳುತ್ತಲೇ ಇರುತ್ತವೆ. ನಾವು ಅದನ್ನು ಗೊತ್ತಿಲ್ಲದೆಯೇ ನುಂಗುತ್ತಿರುತ್ತೇವೆ.

ಇವುಗಳನ್ನು ಕಣ್ಣಾರೆ ನೋಡಬಹುದು. ಮೂಗಿನೊಳಗೆ ಸಣ್ಣ ಬ್ರಷ್ ಹಾಕಿ ಎರಡು ಸೆಕೆಂಡ್ ತಿಕ್ಕಿ, ಬಂದ ಕೋಶಗಳನ್ನು ಒಂದು ಹನಿ ದ್ರವದಲ್ಲಿ ಬಿಟ್ಟು ಮೈಕ್ರೋಸ್ಕೋಪಿನಡಿ ಇಡುತ್ತೇವೆ. ಆರೋಗ್ಯವಂತರ ಕೋಶಗಳಾದರೆ ಅಂಚು ಮಿರಮಿರ ಹೊಳೆಯುತ್ತಿರುತ್ತದೆ. ಪಕ್ಕದಲ್ಲಿ ತೇಲುವ ಕಣಗಳನ್ನೆಲ್ಲ ಒಂದೇ ದಿಕ್ಕಿಗೆ ದೂಡುತ್ತಿರುತ್ತದೆ. ಕೆಲವೊಮ್ಮೆ ಇಡೀ ಕೋಶಗಳ ಗುಂಪೇ ಆ ಹೊಡೆತಕ್ಕೆ ಗಿರ್ರನೆ ತಿರುಗುತ್ತದೆ. ನಿಮ್ಮ ಮಗಳಂಥವರ ಕೋಶಗಳಲ್ಲಿ ಎಳೆಗಳು ಇರುತ್ತವೆ, ನೆಟ್ಟಗೆ ನಿಂತಿರುತ್ತವೆ, ಆದರೆ ಅಲ್ಲಾಡುವುದಿಲ್ಲ. ಅಲ್ಲೊಂದು ಇಲ್ಲೊಂದು ಸಣ್ಣಗೆ ನಡುಗಬಹುದು. ಮೊದಲ ಸಲ ಅದನ್ನು ನೋಡಿದಾಗ ನಾನು ಗಾಜಿನ ಪಟ್ಟಿ ಸರಿಯಾಗಿಲ್ಲವೇನೋ ಎಂದು ಇನ್ನೊಂದು ತಯಾರಿಸಿ ನೋಡಿದ್ದೆ. ಅದರಲ್ಲೂ ಹಾಗೇ ಇತ್ತು.

ಯಾಕೆ ಅಲ್ಲಾಡುವುದಿಲ್ಲ? ಸಿಲಿಯಾದ ಎಳೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಸುತ್ತ ಒಂಬತ್ತು ಜೋಡಿ ಕೊಳವೆ, ನಡುವೆ ಇನ್ನೆರಡು ಕೊಳವೆ ಕಾಣುತ್ತವೆ. ಸುತ್ತಲಿನ ಜೋಡಿಗಳ ಮೇಲೆ ಒಳಗಡೆ, ಹೊರಗಡೆ ಸಾಲಾಗಿ ಪುಟ್ಟ ತೋಳುಗಳಿವೆ. ಅವು ಡೈನಿನ್ ಎಂಬ ಪ್ರೋಟೀನಿನ ಮೋಟಾರುಗಳು. ಒಂದು ಜೋಡಿಯ ತೋಳು ಪಕ್ಕದ ಜೋಡಿಯನ್ನು ಹಿಡಿದು ಜಗ್ಗಿದಾಗ ಎಳೆ ಬಾಗುತ್ತದೆ. ಡಿಎನ್‌ಎಎಚ್5 ಜೀನ್ ತಯಾರಿಸುವುದು ಹೊರಗಡೆಯ ತೋಳಿನ ಒಂದು ಮುಖ್ಯ ಭಾಗವನ್ನು. 4,624 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನ್ ಅದು. ಅದಿಲ್ಲದೆ ತೋಳು ಕೂಡುವುದೇ ಇಲ್ಲ.

ಈ ಕಾಯಿಲೆಗೆ ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾ ಎಂದು ಹೆಸರು. ಚಿಕ್ಕದಾಗಿ ಪಿಸಿಡಿ. ಅದಲುಬದಲಾದ ಅಂಗಗಳು, ಸೈನಸ್ ಸೋಂಕು, ಹಿಗ್ಗಿ ಹಾಳಾದ ಶ್ವಾಸನಾಳ ಈ ಮೂರೂ ಒಟ್ಟಿಗೆ ಬರುತ್ತವೆ ಎಂದು 1933ರಲ್ಲಿ ಸ್ವಿಟ್ಜರ್ಲೆಂಡಿನ ಮಾನೆಸ್ ಕಾರ್ಟಗೆನರ್ ವಿವರವಾಗಿ ಬರೆದರು. ಆದರೆ ಮೂರಕ್ಕೂ ಏನು ನಂಟು ಎಂಬುದು ಯಾರಿಗೂ ಗೊತ್ತಿರಲಿಲ್ಲ. 1976ರಲ್ಲಿ ಸ್ವೀಡನ್ನಿನ ಬಿಯೋರ್ನ್ ಅಫ್ಜೆಲಿಯಸ್ ಇಂಥ ರೋಗಿಗಳ ಅಲುಗದ ವೀರ್ಯಾಣುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬಾಲದಲ್ಲಿ ಡೈನಿನ್ ತೋಳುಗಳೇ ಇರಲಿಲ್ಲ. ವೀರ್ಯಾಣುವಿನ ಬಾಲವೂ ಶ್ವಾಸನಾಳದ ಸಿಲಿಯಾವೂ ಒಂದೇ ಅಚ್ಚಿನವು. ಕೆಮ್ಮಿನ ಕಾರಣ ಹೀಗೆ ಸಿಕ್ಕಿತು. ಭ್ರೂಣದಲ್ಲೂ ಯಾವುದೋ ಸಿಲಿಯಾ ಬೀಸಿ ಎಡ–ಬಲ ತೀರ್ಮಾನಿಸುತ್ತಿರಬೇಕು ಎಂದು ಅವರು ಊಹಿಸಿದರು. ಆ ಊಹೆಗೆ ಪುರಾವೆ ಸಿಗಲು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ಪುರಾವೆ ಬಂದಿದ್ದು ಇಲಿಮರಿಗಳಿಂದ. ಇಲಿಯ ಭ್ರೂಣದ ಮೈಮೇಲೆ ಒಂದು ಹಂತದಲ್ಲಿ ‘ನೋಡ್’ ಎಂಬ ಪುಟ್ಟ ಗುಳಿ ಇರುತ್ತದೆ. ಅದರ ತಳದಲ್ಲಿ ಕೆಲವು ನೂರು ಕೋಶಗಳು. ಒಂದೊಂದಕ್ಕೂ ಒಂದೇ ಒಂದು ಸಿಲಿಯಾ. ಈ ಸಿಲಿಯಾಗಳ ಒಳಗೆ ನಡುವಿನ ಆ ಎರಡು ಕೊಳವೆ ಇರುವುದಿಲ್ಲ. ಹಾಗಾಗಿ ಇವು ಚಾಟಿಯ ಹಾಗೆ ಬೀಸುವುದಿಲ್ಲ, ಬುಗುರಿಯ ಹಾಗೆ ಸುತ್ತುತ್ತವೆ. ನೆಟ್ಟಗೆ ನಿಂತು ಸುತ್ತಿದರೆ ನೀರು ಅಲ್ಲಲ್ಲೇ ಸುಳಿಯುತ್ತದೆ. ಆದರೆ ಇವು ಬಾಲದ ಕಡೆಗೆ ಸ್ವಲ್ಪ ವಾಲಿಕೊಂಡಿವೆ. ಅದರಿಂದ ಒಂದು ಕಡೆಯ ಹೊಡೆತ ಜೋರಾಗಿ, ಇನ್ನೊಂದು ಕಡೆಯದು ತಳಕ್ಕೆ ತಾಗಿ ಮಂದವಾಗುತ್ತದೆ. ಗುಳಿಯೊಳಗಿನ ದ್ರವ ಎಡಕ್ಕೆ ಹರಿಯುತ್ತದೆ. ಗುಳಿಯ ಅಂಚಿನ ಕೋಶಗಳು ಆ ಹರಿವನ್ನು ಗ್ರಹಿಸಿ ‘ಇದು ಎಡ’ ಎಂಬ ಸುದ್ದಿ ಮುಟ್ಟಿಸುತ್ತವೆ. ಎಡಬದಿಯಲ್ಲಿ ನೋಡಲ್, ಆಮೇಲೆ ಪಿಟ್‌ಎಕ್ಸ್2 ಎಂಬ ಜೀನ್‌ಗಳು ಎಚ್ಚರವಾಗುತ್ತವೆ. ಹೃದಯ ಯಾವ ಕಡೆ ಬಾಗಬೇಕು ಎಂಬುದು ಅಲ್ಲಿಂದ ಮುಂದಿನ ಕಥೆ. 1998ರಲ್ಲಿ ಜಪಾನಿನ ನೊಬುಟಾಕಾ ಹಿರೋಕಾವಾ ಅವರ ತಂಡ ಈ ಹರಿವನ್ನು ತೋರಿಸಿಕೊಟ್ಟಿತು. 2002ರಲ್ಲಿ ಜಪಾನಿನದೇ ವಿಜ್ಞಾನಿಗಳು ಭ್ರೂಣವನ್ನು ಪಾತ್ರೆಯಲ್ಲಿಟ್ಟು ದ್ರವವನ್ನು ಬೇಕೆಂದೇ ಬಲಕ್ಕೆ ಹರಿಸಿದರು. ಎಡ–ಬಲ ಅದಲುಬದಲಾಯಿತು. ಇಷ್ಟಕ್ಕೆಲ್ಲ ಬಹಳ ಸಿಲಿಯಾಗಳೂ ಬೇಕಿಲ್ಲ. ಇಲಿಯಲ್ಲಿ ಎರಡೇ ಎರಡು ಸುತ್ತಿದರೂ ಸಾಕು ಎಂದು ಆಮೇಲೆ ಗೊತ್ತಾಯಿತು. ಎಲ್ಲ ಪ್ರಾಣಿಗಳೂ ಹೀಗೆ ಮಾಡುವುದಿಲ್ಲ. ಮೀನು, ಕಪ್ಪೆಗಳಲ್ಲಿ ಇದೇ ಕ್ರಮ ಇದೆ. ಕೋಳಿ, ಹಂದಿ ಈ ಸಿಲಿಯಾದ ಸಹಾಯವಿಲ್ಲದೆ ಬೇರೆ ದಾರಿ ಹಿಡಿದಿವೆ.

ಈಗ ನಿಮಗೆ ಬೇಕಾದ ಮಾತಿಗೆ ಬರುತ್ತೇನೆ. ಸಿಲಿಯಾ ಸುತ್ತದಿದ್ದರೆ ಹೃದಯ ಬಲಕ್ಕೇ ಹೋಗುತ್ತದೆ ಎಂದೇನಿಲ್ಲ. ಹೇಳುವವರು ಇಲ್ಲದ ಕಾರಣ ಎಡಕ್ಕಾದರೂ ಹೋಗಬಹುದು, ಬಲಕ್ಕಾದರೂ ಹೋಗಬಹುದು. ನಾಣ್ಯ ಚಿಮ್ಮಿದ ಹಾಗೆ. 1959ರಲ್ಲೇ ಇಂಥ ಒಂದು ಇಲಿಯ ತಳಿ ಗೊತ್ತಿತ್ತು. ಅದರಲ್ಲಿ ಕೆಟ್ಟಿರುವುದೂ ಒಂದು ಡೈನಿನ್ ಜೀನೇ ಎಂದು 1997ರಲ್ಲಿ ತಿಳಿಯಿತು. ಒಂದೇ ತಾಯಿ, ಒಂದೇ ಗರ್ಭ, ಒಂದೇ ಜೀನ್ ದೋಷ. ಆದರೂ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಅಂಗಗಳು ಸರಿಯಾಗಿರುತ್ತವೆ, ಅರ್ಧಕ್ಕೆ ತಿರುವುಮುರುವು. ಪಿಸಿಡಿ ಇರುವ ಮನುಷ್ಯರಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರ ಹೃದಯ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇದ್ದ ಉದಾಹರಣೆಯೂ ದಾಖಲಾಗಿದೆ. ನಿಮ್ಮ ಮಗಳಿಗೆ ಜೀನ್‌ನಿಂದ ಬಂದಿರುವುದು ಸಿಲಿಯಾದ ದೋಷ. ಹೃದಯ ಬಲಕ್ಕೆ ಹೋಗಿದ್ದು ಆ ದೋಷದ ಮೇಲೆ ಬಿದ್ದ ನಾಣ್ಯ. ಅದು ಎಡಕ್ಕೆ ಬಿದ್ದಿದ್ದರೆ ಕೆಮ್ಮು ಇಷ್ಟೇ ಇರುತ್ತಿತ್ತು, ರೋಗ ಪತ್ತೆಯಾಗುವುದು ಮಾತ್ರ ಇನ್ನೂ ತಡವಾಗುತ್ತಿತ್ತು.

ಹೃದಯ ಬಲಕ್ಕಿದ್ದವರಿಗೆಲ್ಲ ಪಿಸಿಡಿ ಇದೆ ಎನ್ನುವುದೂ ತಪ್ಪು. ಅಂಗಗಳು ಪೂರ್ತಿ ಅದಲುಬದಲಾದವರಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರಿಗೆ ಅದು ಇರುತ್ತದೆ. ಉಳಿದವರು ಆರಾಮಾಗಿ ಬದುಕುತ್ತಾರೆ. ಆದರೆ ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಕಾರಣವಿಲ್ಲದೆ ಉಸಿರಾಟದ ತೊಂದರೆ, ಹುಟ್ಟಿದಾಗಿನಿಂದ ಮೂಗು ಸೋರುವುದು, ವರ್ಷವಿಡೀ ಕಫದ ಕೆಮ್ಮು, ಮೇಲೆ ಬಲಗಡೆ ಹೃದಯ. ಇಷ್ಟೂ ಒಟ್ಟಿಗೆ ಇದ್ದರೆ ಮೊದಲು ನೆನಪಾಗಬೇಕಾದದ್ದು ಪಿಸಿಡಿಯೇ. ಹುಟ್ಟಿದಾಗ ಶ್ವಾಸಕೋಶದಲ್ಲಿರುವ ದ್ರವ ಖಾಲಿಯಾಗಲೂ ಸಿಲಿಯಾ ಬೇಕು. ಹಾಗಾಗಿಯೇ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲ ಒಂದೆರಡು ದಿನದಲ್ಲೇ ಆಕ್ಸಿಜನ್ ಬೇಕಾಗುತ್ತದೆ. ಫಿಲ್ಮ್ ತಿರುಗಿಸಿ ನೋಡಿರಬಹುದು ಎಂದಿರಿ. ಹಾಗೆ ಆಗುವುದುಂಟು. ಮೂರು ವರ್ಷ ಹೋಯಿತಲ್ಲ ಎಂಬ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಈ ರೋಗ ಗೊತ್ತಾಗಲು ವರ್ಷಗಟ್ಟಲೆ ಹಿಡಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಪ್ರತಿ ಸಲವೂ ಬೇಸರವಾಗುತ್ತದೆ.

ಈಗ ನಿಮ್ಮ ಕೈಯಲ್ಲಿರುವ ವರದಿ. ಡಿಎನ್‌ಎಎಚ್5 ದೋಷಕ್ಕೆ ಜೀನ್‌ನ ಎರಡೂ ಪ್ರತಿ ಕೆಟ್ಟಿರಬೇಕು. ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಒಂದೇ ಪ್ರತಿ ಕೆಟ್ಟಿದ್ದರೆ ರೋಗ ಬರುವುದಿಲ್ಲ. ನೀವಿಬ್ಬರೂ ಆರೋಗ್ಯವಾಗಿರುವುದು ಅದಕ್ಕೇ. ಮಗಳಲ್ಲಿ ಎರಡು ಬದಲಾವಣೆ ಸಿಕ್ಕಿವೆ, ಸರಿ. ಆದರೆ ಅವೆರಡೂ ಒಂದೇ ಪ್ರತಿಯ ಮೇಲೆ ಕೂತಿದ್ದರೆ? ಆಗ ಇನ್ನೊಂದು ಪ್ರತಿ ಚೆನ್ನಾಗಿದೆ ಎಂದಾಗುತ್ತದೆ, ವರದಿ ಪೂರ್ತಿಯಾಗುವುದಿಲ್ಲ. ಅದಕ್ಕೇ ನೀವು, ನಿಮ್ಮ ಯಜಮಾನರು ಇಬ್ಬರೂ ರಕ್ತ ಕೊಟ್ಟು ಆ ಎರಡು ಬದಲಾವಣೆಗಳನ್ನಷ್ಟೇ ಪರೀಕ್ಷಿಸಿಕೊಳ್ಳಬೇಕು. ಒಬ್ಬರಲ್ಲಿ ಒಂದು, ಮತ್ತೊಬ್ಬರಲ್ಲಿ ಇನ್ನೊಂದು ಸಿಕ್ಕರೆ ಚಿತ್ರ ಸ್ಪಷ್ಟವಾಗುತ್ತಾ ಬರುತ್ತದೆ.

‘ಅರ್ಥ ಖಚಿತವಿಲ್ಲ’ ಎಂದರೆ ಅಪಾಯವಿಲ್ಲ ಎಂದಲ್ಲ, ಅಪಾಯ ಇದೆ ಎಂದೂ ಅಲ್ಲ. ಜೀನ್ ಬರಹದ ಆ ಅಕ್ಷರ ಬದಲಾದರೆ ಪ್ರೋಟೀನ್ ಕೆಡುತ್ತದೋ ಇಲ್ಲವೋ ಎಂದು ಹೇಳುವಷ್ಟು ಮಾಹಿತಿ ಇನ್ನೂ ಕೂಡಿಲ್ಲ ಎಂದಷ್ಟೇ ಅರ್ಥ. ಅದನ್ನು ಇತ್ಯರ್ಥ ಮಾಡಲು ಮಗಳ ಸಿಲಿಯಾವನ್ನೇ ಕೇಳಬೇಕು. ಮೂಗಿನ ಬ್ರಷ್ ಪರೀಕ್ಷೆ ಹೇಳಿದೆನಲ್ಲ, ಅದೇ ಕೋಶಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೂ ಕಳಿಸಬಹುದು. ಡಿಎನ್‌ಎಎಚ್5 ದೋಷವಾದರೆ ಹೊರತೋಳು ಇಲ್ಲದಿರುವುದು ನಿಚ್ಚಳವಾಗಿ ಕಾಣುತ್ತದೆ. ನೆಗಡಿ ಜೋರಾಗಿದ್ದಾಗ ಮಾತ್ರ ಈ ಪರೀಕ್ಷೆ ಬೇಡ. ಸೋಂಕಿನಿಂದಲೂ ಸಿಲಿಯಾ ತಾತ್ಕಾಲಿಕವಾಗಿ ಕೆಡುತ್ತವೆ. ಇನ್ನೊಂದು ಸುಲಭದ ಪರೀಕ್ಷೆ ಮೂಗಿನ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಅಳೆಯುವುದು. ಪಿಸಿಡಿ ಇದ್ದವರಲ್ಲಿ ಹೆಚ್ಚಾಗಿ ಅದು ತೀರಾ ಕಡಿಮೆ ಇರುತ್ತದೆ. ಐದು ವರ್ಷ ದಾಟಿದ ಮಕ್ಕಳು ಇದಕ್ಕೆ ಸಹಕರಿಸಬಲ್ಲರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ಕಾಯಿಲೆಯಲ್ಲೂ ಅದು ಇಳಿಯಬಹುದು, ಹಾಗಾಗಿ ಆ ಕಾಯಿಲೆ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಯಾವ ಜೀನ್ ಎಂದು ತಿಳಿಯುವುದರಿಂದ ಏನು ಉಪಯೋಗ ಎಂದು ಹಲವರು ಕೇಳುತ್ತಾರೆ. ಪಿಸಿಡಿಗೆ ಕಾರಣವಾಗುವ ಐವತ್ತಕ್ಕೂ ಹೆಚ್ಚು ಜೀನ್‌ಗಳು ಗೊತ್ತಾಗಿವೆ, ಎಲ್ಲವೂ ಒಂದೇ ಥರ ಅಲ್ಲ. ಸಿಸಿಡಿಸಿ39, ಸಿಸಿಡಿಸಿ40 ಕೆಟ್ಟರೆ ಶ್ವಾಸಕೋಶ ಬೇಗ ಹಾಳಾಗುವ ಸಾಧ್ಯತೆ ಜಾಸ್ತಿ. ಡಿಎನ್‌ಎಎಚ್11 ಕೆಟ್ಟರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ರೋಗವಿಲ್ಲ ಎಂದು ಮನೆಗೆ ಕಳಿಸಿಬಿಡುವ ಅಪಾಯ ಇದೆ. ಆರ್‌ಎಸ್‌ಪಿಎಚ್ ಗುಂಪಿನ ಜೀನ್‌ಗಳು ನೋಡಿಕೊಳ್ಳುವುದು ನಡುವಿನ ಎರಡು ಕೊಳವೆಯ ಆಸುಪಾಸನ್ನು. ಭ್ರೂಣದ ಗುಳಿಯ ಸಿಲಿಯಾದಲ್ಲಿ ಆ ಕೊಳವೆಗಳೇ ಇಲ್ಲವಲ್ಲ, ಹಾಗಾಗಿ ಇವು ಕೆಟ್ಟವರಿಗೆ ಕೆಮ್ಮು ಇರುತ್ತದೆ, ಹೃದಯ ಮಾತ್ರ ಎಡಕ್ಕೇ ಇರುತ್ತದೆ. ಫಾಕ್ಸ್‌ಜೆ1 ಎಂಬ ಜೀನ್‌ನ ಒಂದೇ ಪ್ರತಿ ಕೆಟ್ಟರೂ ರೋಗ ಬರುತ್ತದೆ, ಜೊತೆಗೆ ಮಿದುಳಿನಲ್ಲಿ ನೀರು ತುಂಬಿಕೊಳ್ಳಬಹುದು. ಜೀನ್‌ನ ಹೆಸರು ಗೊತ್ತಾದರೆ ಮುಂದೆ ಯಾವುದರ ಮೇಲೆ ಕಣ್ಣಿಡಬೇಕು ಎಂಬುದೂ ಗೊತ್ತಾಗುತ್ತದೆ.

ಹೃದಯದ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಎಲ್ಲ ಅಂಗಗಳೂ ಪೂರ್ತಿ ತಿರುವುಮುರುವಾಗಿದ್ದರೆ ಚಿಂತೆಯಿಲ್ಲ. ಅರ್ಧಂಬರ್ಧ ಆಗಿದ್ದರೆ, ಅಂದರೆ ಕೆಲವು ಎಡಕ್ಕೆ ಕೆಲವು ಬಲಕ್ಕೆ ಕಲಸಿಕೊಂಡಿದ್ದರೆ, ಹೃದಯದ ರಚನೆಯಲ್ಲೇ ದೋಷ ಇರಬಹುದು. ಪಿಸಿಡಿ ಇರುವವರಲ್ಲಿ ಸುಮಾರು ಎಂಟರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಸೋಂಕು ತಡೆಯಲು ನೆರವಾಗುವ ಗುಲ್ಮ (ಸ್ಪ್ಲೀನ್) ಇಲ್ಲದಿರಬಹುದು, ಇಲ್ಲವೇ ಹಲವು ಚೂರುಗಳಾಗಿರಬಹುದು. ಆಗ ಕೆಲವು ಹೆಚ್ಚುವರಿ ಲಸಿಕೆ ಬೇಕಾಗುತ್ತವೆ. ಹಾಗಾಗಿ ಒಂದು ಸಲ ಎಕೋ ಮಾಡಿಸಿ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗುಲ್ಮ ಎಷ್ಟಿದೆ, ಎಲ್ಲಿದೆ ಎಂದು ಕೇಳಿ ಬರೆಸಿಕೊಳ್ಳಿ.

ಕೆಮ್ಮು ವಾಸಿಯಾಗುತ್ತದಾ? ಬೆಳೆದ ಮೇಲೆ ತಾನಾಗಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಲಿಯಾವನ್ನು ಮತ್ತೆ ಬೀಸುವ ಹಾಗೆ ಮಾಡುವ ಔಷಧಿ ಸದ್ಯಕ್ಕೆ ಇಲ್ಲ. ಡಿಎನ್‌ಎಐ1 ಎಂಬ ಬೇರೆ ಜೀನ್‌ಗೆ ಉಸಿರಿನ ಮೂಲಕ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನ ಸೂಚನೆ ಒಯ್ಯುವ ಅಣು) ಕೊಡುವ ಪ್ರಯೋಗ ಮನುಷ್ಯರಲ್ಲಿ ಶುರುವಾಗಿದೆ. ಡಿಎನ್‌ಎಎಚ್5 ಬಹಳ ಉದ್ದದ ಜೀನ್, ಜೀನ್ ಚಿಕಿತ್ಸೆಯಲ್ಲಿ ಬಳಸುವ ಚಿಕ್ಕ ವೈರಸ್ಸಿನೊಳಗೆ ಹಿಡಿಸುವುದೇ ಇಲ್ಲ. ಸ್ಟೆಮ್ ಸೆಲ್ ಹಾಕಿ ಗುಣ ಮಾಡುತ್ತೇವೆ ಎನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಆದರೆ ಮಾಡಬಹುದಾದದ್ದು ಬಹಳ ಇದೆ. ಸಿಲಿಯಾ ಮಾಡದ ಕೆಲಸವನ್ನು ನಾವು ಮಾಡಬೇಕು, ಅಷ್ಟೇ. ಇವಳಿಗೆ ಕೆಮ್ಮೇ ಪೊರಕೆ. ಕೆಮ್ಮು ಅಡಗಿಸುವ ಸಿರಪ್ ಕೊಡಬೇಡಿ. ದಿನಕ್ಕೆ ಎರಡು ಸಲ ಕಫ ತೆಗೆಯುವ ವ್ಯಾಯಾಮ ಮಾಡಿಸಿ. ಊದುವ ಸಾಧನಗಳಿವೆ, ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ. ಆರು ವರ್ಷದ ಮಗುವಿಗೆ ಅದು ಆಟದಂತೆ ಇರಬೇಕು, ಇಲ್ಲದಿದ್ದರೆ ವಾರದಲ್ಲಿ ಬಿಟ್ಟುಬಿಡುತ್ತಾಳೆ. ಓಡಲಿ, ಕುಣಿಯಲಿ, ಕೆಮ್ಮು ಬರುತ್ತದೆ ಎಂದು ತಡೆಯಬೇಡಿ. ಓಡಿದ ಮೇಲೆ ಕಫ ಸಡಿಲವಾಗುತ್ತದೆ. ಮನೆಯಲ್ಲಿ ಬೀಡಿ–ಸಿಗರೇಟಿನ ಹೊಗೆ ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಕಫವನ್ನು ಕಲ್ಚರ್‌ಗೆ, ಅಂದರೆ ಯಾವ ರೋಗಾಣು ಬೆಳೆಯುತ್ತದೆ ಎಂದು ನೋಡುವ ಪರೀಕ್ಷೆಗೆ ಕಳಿಸಿ. ಸೋಂಕು ಬಂದಾಗ ತಡಮಾಡದೆ, ಸಾಕಷ್ಟು ದಿನ ಆಂಟಿಬಯಾಟಿಕ್ ಕೊಡಬೇಕು. ಅಸ್ತಮಾ ನಿಜಕ್ಕೂ ಇದೆಯಾ ಎಂದು ಪರೀಕ್ಷಿಸಿಕೊಂಡು, ಇಲ್ಲದಿದ್ದರೆ ಸ್ಟೀರಾಯ್ಡ್ ಇನ್‌ಹೇಲರ್ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ನೀವೇ ನಿಲ್ಲಿಸಬೇಡಿ.

ಪದೇ ಪದೇ ಸೋಂಕು ಬರುವವರಿಗೆ ಅಜಿತ್ರೋಮೈಸಿನ್ ಎಂಬ ಔಷಧಿಯನ್ನು ವಾರಕ್ಕೆ ಮೂರು ಸಲದಂತೆ ತಿಂಗಳುಗಟ್ಟಲೆ ಕೊಡುವುದುಂಟು. ಏಳು ವರ್ಷ ದಾಟಿದವರಲ್ಲಿ ಆರು ತಿಂಗಳು ಕೊಟ್ಟು ನೋಡಿ 2020ರಲ್ಲಿ ಪ್ರಕಟಿಸಿದ ಯುರೋಪಿನ ಪರೀಕ್ಷೆಯಲ್ಲಿ ಸೋಂಕು ಉಲ್ಬಣಿಸುವುದು ಸುಮಾರು ಅರ್ಧಕ್ಕೆ ಇಳಿಯಿತು. ಭೇದಿ ಆಗಬಹುದು. ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು. ಎಲ್ಲರಿಗೂ ಕೊಡುವಂಥದ್ದಲ್ಲ, ಬೇಕಾದವರಿಗೆ ಒಳ್ಳೆಯ ಆಯ್ಕೆ. ಕಿವಿಗೆ ನಳಿಕೆ ಹಾಕಿಸಬೇಕಾ ಎಂಬ ವಿಷಯದಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇದೆ. ಹಾಕಿಸಿದರೆ ಈ ಮಕ್ಕಳಿಗೆ ಕಿವಿ ಸೋರುವುದು ಬಹಳ ದಿನ ಎಳೆಯಬಹುದು. ನನ್ನ ಒಲವು ಮೊದಲು ಹಿಯರಿಂಗ್ ಏಡ್ ಕಡೆಗೆ. ಬೆಳೆಯುತ್ತಾ ಕಿವಿ ಎಷ್ಟೋ ಸುಧಾರಿಸುತ್ತದೆ, ಆದರೆ ಶಾಲೆಯಲ್ಲಿ ಪಾಠ ಕೇಳಿಸದೆ ಕಳೆದ ವರ್ಷ ಮತ್ತೆ ಬರುವುದಿಲ್ಲ. ಶ್ರವಣ ಪರೀಕ್ಷೆಯನ್ನು ಈ ವಾರವೇ ಮಾಡಿಸಿ.

ಇನ್ನೊಂದು ಮಗುವಿನ ಮಾತು. ನೀವಿಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತವರು ಎಂದು ಖಚಿತವಾದರೆ, ಪ್ರತಿ ಗರ್ಭದಲ್ಲೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದಾಯಿತು, ಮುಂದಿನ ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ಕ್ಯಾನ್‌ನಲ್ಲಿ ಹೃದಯ ಎಡಕ್ಕೆ ಕಂಡರೂ ರೋಗವಿಲ್ಲ ಎಂದಾಗುವುದಿಲ್ಲ, ನಾಣ್ಯದ ವಿಷಯ ಹೇಳಿದೆನಲ್ಲ. ನಿಮ್ಮ ಮುಂದೆ ಮೂರು ದಾರಿಗಳಿವೆ. ಸಹಜವಾಗಿ ಗರ್ಭ ಧರಿಸಿ, ಮಗು ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸುವುದು ಒಂದು. ಮೊದಲ ದಿನದಿಂದಲೇ ಆರೈಕೆ ಸಿಕ್ಕ ಮಗುವಿನ ಪಾಡು, ಆರು ವರ್ಷ ತಡವಾದ ಮಗುವಿಗಿಂತ ಮೇಲು. ಗರ್ಭದಲ್ಲೇ ಪರೀಕ್ಷೆ ಮಾಡಿಸುವುದು ಇನ್ನೊಂದು. ಅದಕ್ಕೆ ಸೂಜಿ ಹಾಕಬೇಕು, ಗರ್ಭಪಾತದ ಅಪಾಯ ಚಿಕ್ಕದಾದರೂ ಇದೆ. ಫಲಿತಾಂಶ ಬಂದ ಮೇಲೆ ಏನು ಮಾಡುತ್ತೀರಿ ಎಂದು ಮೊದಲೇ ಮಾತಾಡಿಕೊಂಡಿರಬೇಕು. ಮೂರನೆಯದು ಐವಿಎಫ್ ಮಾಡಿ ಭ್ರೂಣವನ್ನು ಪರೀಕ್ಷಿಸಿ ಗರ್ಭಕ್ಕೆ ಇಡುವುದು. ಖರ್ಚು ಜಾಸ್ತಿ, ಮೈಗೂ ದಣಿವು, ಒಂದೇ ಸಲಕ್ಕೆ ಗರ್ಭ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಕೊನೆಯ ಎರಡಕ್ಕೂ ಆ ‘ಅರ್ಥ ಖಚಿತವಿಲ್ಲ’ದ ಬದಲಾವಣೆ ಇತ್ಯರ್ಥವಾಗಲೇಬೇಕು. ಅರ್ಥ ಗೊತ್ತಿಲ್ಲದ ಅಕ್ಷರ ನೋಡಿ ಒಂದು ಗರ್ಭದ ತೀರ್ಮಾನ ಮಾಡುವುದು ಸರಿಯಲ್ಲ. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ತಪ್ಪಲ್ಲ.

ಮಗಳು ಮುಂದೆ ತಾಯಿಯಾಗಬಲ್ಲಳಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗರ್ಭನಾಳದಲ್ಲೂ ಸಿಲಿಯಾ ಇವೆ, ಹಾಗಾಗಿ ಸ್ವಲ್ಪ ತಡವಾಗಬಹುದು, ಸಹಾಯ ಬೇಕಾಗಬಹುದು. ಪಿಸಿಡಿ ಇದ್ದೂ ತಾಯಂದಿರಾದವರು ಎಷ್ಟೋ ಮಂದಿ ಇದ್ದಾರೆ.

ಕೊನೆಗೆ ಅವಳ ಪ್ರಶ್ನೆ. ‘ನಂದು ಯಾಕೆ ಈ ಕಡೆ?’ ಎಂದು ಕೇಳಿದಾಗ ಇದ್ದದ್ದನ್ನೇ ಹೇಳಿ. ‘ನೀನು ಹೊಟ್ಟೆಯಲ್ಲಿ ಚುಕ್ಕಿಯಷ್ಟು ಇದ್ದಾಗ, ಎಡ ಯಾವುದು ಎಂದು ತೋರಿಸಬೇಕಾದ ಪುಟ್ಟ ಕೂದಲುಗಳು ತಿರುಗಲಿಲ್ಲ ಕಂದಾ. ನಿನ್ನ ಹೃದಯ ತಾನೇ ಒಂದು ಕಡೆ ಹೋಗಿ ಕೂತಿತು’ ಎನ್ನಿ. ಆರು ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವಳ ಬ್ಯಾಗಿನಲ್ಲಿ ಒಂದು ಚೀಟಿ ಇಡಿ: ಹೃದಯ ಬಲಕ್ಕೆ, ಲಿವರ್ ಎಡಕ್ಕೆ, ಅಪೆಂಡಿಕ್ಸ್ ನೋವು ಬಂದರೆ ಎಡಗಡೆ ಬರುತ್ತದೆ, ಇಸಿಜಿ ತಂತಿಗಳನ್ನು ಬದಲಿಸಿ ಹಾಕಬೇಕು. ಯಾರಾದರೂ ಸ್ಟೆತಸ್ಕೋಪನ್ನು ಎಡಗಡೆ ಇಟ್ಟು ಹುಬ್ಬು ಗಂಟಿಕ್ಕಿದರೆ, ‘ಅಲ್ಲಿ ಅಲ್ಲ ಡಾಕ್ಟ್ರೇ, ಇಲ್ಲಿ’ ಎಂದು ಅವರ ಕೈಯನ್ನು ತಾನೇ ಬಲಕ್ಕೆ ಸರಿಸುವುದನ್ನು ಅವಳಿಗೆ ಕಲಿಸಿ.